ಗಾಸ್ಪ್ರಾ ಎಂಬ ಬಂಡೆ

ಸೂರ್ಯನ ಪರಿವಾರ ಎಂದೊಡನೆ ನೆನಪಿಗೆ ಬರುವವು ಗ್ರಹಗಳು. ಅವುಗಳ ಬೆನ್ನಿಗೆ ಚಂದ್ರ, ಧೂಮಕೇತುಗಳು. ಆದರೆ ಈ ಪರಿವಾರದಲ್ಲಿ ಹೆಸರು ಕೇಳಿರದ ಕಿರಿಯರು ಬಹು ಮಂದಿ ಇದ್ದಾರೆ. ಮಂಗಳ ಮತ್ತು ಗುರು ಗ್ರಹಗಳ ಕಕ್ಷೆಗಳ ನಡುವಣ ವಿಶಾಲ ಬಯಲಿನಲ್ಲಿ ಲಕ್ಷಾಂತರ ಶಿಲಾಕಾಯಗಳು ಸೂರ್ಯನನ್ನು ಸುತ್ತುತ್ತಿವೆ. ಇವೇ ಕ್ಷುದ್ರಗ್ರಹಗಳು. 'ಕ್ಷುದ್ರ' ಎಂಬ ಮಾತಿಗೆ ಸಣ್ಣದು ಎಂಬುದೂ ಅರ್ಥ, ಕೀಳಾದುದು ಎಂಬುದೂ ಅರ್ಥ. ಈ ಕಾಯಗಳಿಗೆ ಮೊದಲನೆಯ ಅರ್ಥ ಮಾತ್ರ ಸಲ್ಲುತ್ತದೆ. ಆದರೂ ಬಹು ಕಾಲದವರೆಗೆ ಖಗೋಳ ವಿಜ್ಞಾನಿಗಳಲ್ಲಿ ಅನೇಕರು ಇವನ್ನು ಎರಡನೆಯ ಅರ್ಥದಲ್ಲಿಯೇ ಕಂಡರು. ದೂರದ ನಕ್ಷತ್ರಗಳ ಚಿತ್ರ ತೆಗೆಯಲು ಹೊರಟವರಿಗೆ ಅಡ್ಡ ಬಂದು ಗೆರೆ ಎಳೆದು ಹೋಗುವ ಈ ಕಾಯಗಳು ದೊಡ್ಡ ಉಪದ್ರವವೆನಿಸಿದ್ದವು.

ಇವುಗಳಲ್ಲಿ ಮೊದಲನೆಯದು ಕಣ್ಣಿಗೆ ಬಿದ್ದದ್ದು 1801ನೆಯ ಜನವರಿ 1ರ ರಾತ್ರಿ. ಸಿಸಿಲಿ ದ್ವೀಪದ ಪಲೆರ್ಮೊ ನಗರದಲ್ಲಿ ಪಿಯಾಜಿ ಎಂಬ ಪಾದ್ರಿ ನಕ್ಷತ್ರಗಳ ಪಟ್ಟಿಯನ್ನು ಸಿದ್ಧಪಡಿಸುತ್ತಿದ್ದಾಗ, ಪಟ್ಟಿಯಲ್ಲಿಲ್ಲದ ಚುಕ್ಕೆಯೊಂದು ದಿನದಿಂದ ದಿನಕ್ಕೆ ಸ್ಥಾನ ಬದಲಿಸುವುದನ್ನು ಕಂಡನು. ಅದೇ ಸಿರಿಸ್. ಮಂಗಳಕ್ಕೂ ಗುರುವಿಗೂ ನಡುವೆ ಗ್ರಹವೊಂದು ಇರಬೇಕೆಂದು ಎಣಿಸಿದ್ದವರಿಗೆ ಹರ್ಷವಾಯಿತು. ಆದರೆ ಮರುವರ್ಷವೇ ಅದೇ ಪ್ರದೇಶದಲ್ಲಿ ಇನ್ನೊಂದು ಕಾಯ ಸಿಕ್ಕಿತು; ಅನಂತರ ಮತ್ತೊಂದು, ಮಗುದೊಂದು. ಎಷ್ಟು ಪ್ರಬಲವಾದ ದೂರದರ್ಶಕವನ್ನು ತಿರುಗಿಸಿದರೂ ಇವು ಗ್ರಹಗಳಂತೆ ತಟ್ಟೆಯಾಗಿ ಕಾಣಲಿಲ್ಲ, ನಕ್ಷತ್ರಗಳಂತೆ ಚುಕ್ಕೆಯಾಗಿಯೇ ಉಳಿದವು. ಆದುದರಿಂದ ವಿಲಿಯಂ ಹರ್ಷೆಲ್ 1802ರಲ್ಲಿ ಇವನ್ನು 'ಆಸ್ಟರಾಯ್ಡ್', ಎಂದರೆ ನಕ್ಷತ್ರದಂಥವು ಎಂದು ಕರೆದನು. ನಕ್ಷತ್ರಕ್ಕೂ ಇವಕ್ಕೂ ಎಳ್ಳಷ್ಟೂ ಸಂಬಂಧವಿಲ್ಲ. ಹೆಸರು ಮಾತ್ರ ಹಾಗೆಯೇ ನಿಂತಿತು.

ಈಗ ತಿಳಿದಿರುವ ಕ್ಷುದ್ರಗ್ರಹಗಳ ಸಂಖ್ಯೆ ಹನ್ನೆರಡು ಲಕ್ಷವನ್ನು ಮೀರಿದೆ. ಅವುಗಳಲ್ಲಿ ಬಹುಪಾಲು ಈ ನಡುವಣ ಪಟ್ಟಿಯಲ್ಲಿಯೇ ಇವೆ. ಹಾಗೆಂದು ಅಲ್ಲಿ ಬಂಡೆಗಳು ಒಂದಕ್ಕೊಂದು ತಾಗುವಂತೆ ಕಿಕ್ಕಿರಿದಿವೆ ಎಂದು ತಿಳಿಯಬಾರದು. ಕಥೆಗಳಲ್ಲಿಯೂ ಚಲನಚಿತ್ರಗಳಲ್ಲಿಯೂ ಹಾಗೆ ತೋರಿಸುವುದುಂಟು; ಅದು ಬರಿಯ ಕಲ್ಪನೆ. ಒಂದು ದೊಡ್ಡ ಬಂಡೆಯಿಂದ ಅಂಥದೇ ಇನ್ನೊಂದು ಬಂಡೆಗೆ ಸಾಮಾನ್ಯವಾಗಿ ಲಕ್ಷಾಂತರ ಕಿಲೋಮೀಟರುಗಳ ಅಂತರವಿರುತ್ತದೆ. 1972ರಿಂದ 1973ರವರೆಗೆ ಪಯನೀರ್-10 ಎಂಬ ವ್ಯೋಮನೌಕೆ ಈ ಪಟ್ಟಿಯನ್ನು ಮೊದಲ ಬಾರಿಗೆ ದಾಟಿತು. ಹೊರಡುವ ಮುನ್ನ ಅದರ ಗತಿ ಏನಾಗುವುದೋ ಎಂದು ಆತಂಕಪಟ್ಟವರಿದ್ದರು; ನೌಕೆಗೆ ಏನೂ ಆಗಲಿಲ್ಲ. ಪಟ್ಟಿಯಲ್ಲಿರುವ ಎಲ್ಲ ಬಂಡೆಗಳನ್ನೂ ಒಟ್ಟುಗೂಡಿಸಿ ಒಂದೇ ಉಂಡೆ ಮಾಡಿದರೂ ಅದು ನಮ್ಮ ಚಂದ್ರನ ನೂರರಲ್ಲಿ ಮೂರು ಪಾಲಿನಷ್ಟು ಮಾತ್ರ ತೂಗೀತು.

ಇಂಥ ಬಂಡೆಗಳಲ್ಲಿ ಒಂದು ಗಾಸ್ಪ್ರಾ. ಗಾತ್ರದಲ್ಲಾಗಲಿ ಹೊಳಪಿನಲ್ಲಾಗಲಿ ಅದಕ್ಕೆ ಯಾವ ವಿಶೇಷವೂ ಇಲ್ಲ. ಭೂಮಿಗೆ ಅನುಕೂಲವಾದ ಸ್ಥಾನದಲ್ಲಿದ್ದಾಗಲೂ ಅದರ ಬೆಳಕು ಬರಿಗಣ್ಣಿಗೆ ಕಾಣುವ ಅತ್ಯಂತ ಮಂಕಾದ ನಕ್ಷತ್ರಕ್ಕಿಂತ ಸುಮಾರು ಸಾವಿರ ಪಟ್ಟು ಮಂಕು. ಆದರೆ ಮನುಷ್ಯನ ಯಂತ್ರವೊಂದು ಮೊಟ್ಟಮೊದಲು ಹತ್ತಿರದಿಂದ ಕಂಡ ಕ್ಷುದ್ರಗ್ರಹ ಇದೇ.

ಅದನ್ನು ಕಂಡುಹಿಡಿದವನು ಗ್ರಿಗೋರಿ ನೆಯುಯ್ಮಿನ್ ಎಂಬ ರಷ್ಯದ ಖಗೋಳ ವಿಜ್ಞಾನಿ. 1916ರಲ್ಲಿ ಯೂರೋಪು ಮೊದಲನೆಯ ಮಹಾಯುದ್ಧದಲ್ಲಿ ಬೇಯುತ್ತಿತ್ತು. ಕಪ್ಪು ಸಮುದ್ರದ ದಡದಲ್ಲಿರುವ ಕ್ರಿಮಿಯಾದ ಸಿಮೆಯಿಜ್ ವೀಕ್ಷಣಾಲಯದಲ್ಲಿ ಆಕಾಶದ ಕೆಲಸ ಎಂದಿನಂತೆ ಸಾಗಿತ್ತು. ಆ ವೇಳೆಗೆ ಕ್ಷುದ್ರಗ್ರಹಗಳನ್ನು ಹುಡುಕಲು ಛಾಯಾಚಿತ್ರದ ವಿಧಾನ ಬಳಕೆಗೆ ಬಂದಿತ್ತು. ದೂರದರ್ಶಕವನ್ನು ನಕ್ಷತ್ರಗಳ ಚಲನೆಗೆ ಸರಿಯಾಗಿ ತಿರುಗಿಸುತ್ತ, ಗಾಜಿನ ಫಲಕವನ್ನು ಬಹು ಹೊತ್ತು ಬೆಳಕಿಗೆ ಒಡ್ಡಿದರೆ ನಕ್ಷತ್ರಗಳು ಚುಕ್ಕೆಗಳಾಗಿ ಮೂಡುತ್ತವೆ. ಸೂರ್ಯನನ್ನು ಸುತ್ತುವ ಕಾಯ ಆ ಅವಧಿಯಲ್ಲಿ ತುಸು ಸರಿದಿರುವುದರಿಂದ ಪುಟ್ಟ ಗೆರೆಯಾಗಿ ಮೂಡುತ್ತದೆ. ಸಾವಿರಾರು ಚುಕ್ಕೆಗಳ ನಡುವೆ ಕೂದಲೆಳೆಯಂಥ ಒಂದು ಗೆರೆಯನ್ನು ಆರಿಸುವುದು ತಾಳ್ಮೆಯ ಕೆಲಸ. ಜುಲೈ 30ರಂದು ನೆಯುಯ್ಮಿನ್ ಕಂಡುಹಿಡಿದ ಕಾಯಕ್ಕೆ ಪಟ್ಟಿಯಲ್ಲಿ 951ನೆಯ ಸ್ಥಾನ ದೊರೆಯಿತು. ವೀಕ್ಷಣಾಲಯಕ್ಕೆ ಸಮೀಪದ ಗಾಸ್ಪ್ರಾ ಎಂಬ ಊರಿನ ಹೆಸರನ್ನೇ ಅವನು ಅದಕ್ಕೆ ಇಟ್ಟನು. ಆರೋಗ್ಯಧಾಮವೆಂದು ಹೆಸರಾದ ಊರು ಅದು. ಕಾಯಿಲೆಯಿಂದ ಬಳಲುತ್ತಿದ್ದ ಟಾಲ್‌ಸ್ಟಾಯ್ 1901-02ರಲ್ಲಿ ಅಲ್ಲಿ ತಂಗಿದ್ದನು. ಚೆಕಾಫ್ ಮತ್ತು ಗಾರ್ಕಿ ಅವನನ್ನು ಕಾಣಲು ಅಲ್ಲಿಗೆ ಬರುತ್ತಿದ್ದರು.

ಮುಂದಿನ ಎಪ್ಪತ್ತೈದು ವರ್ಷ ಗಾಸ್ಪ್ರಾ ಚುಕ್ಕೆಯಾಗಿಯೇ ಉಳಿಯಿತು. ಆದರೆ ಒಂದು ಚುಕ್ಕೆಯಿಂದಲೂ ಎಷ್ಟೋ ಸಂಗತಿಗಳನ್ನು ಅರಿಯಬಹುದು. ಅದರ ಚಲನೆಯನ್ನು ಅಳೆದು ಕಕ್ಷೆಯನ್ನು ಗುಣಿಸಿದರು. ಸೂರ್ಯನಿಂದ ಸರಾಸರಿ 33 ಕೋಟಿ ಕಿಲೋಮೀಟರ್ ದೂರದಲ್ಲಿ, ಎಂದರೆ ಪಟ್ಟಿಯ ಒಳ ಅಂಚಿನ ಕಡೆಗೆ, ಮೂರು ಕಾಲು ವರ್ಷಕ್ಕೊಮ್ಮೆ ಅದು ಸೂರ್ಯನಿಗೆ ಸುತ್ತು ಹಾಕುತ್ತದೆ. ಅದರ ಬೆಳಕು ಒಂದೇ ಸಮನಾಗಿರದೆ, ಏಳು ಗಂಟೆಗಳಲ್ಲಿ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಉದ್ದವಾದ ಗುಂಡುಕಲ್ಲೊಂದು ಉರುಳಿದರೆ ಒಮ್ಮೆ ಅಗಲದ ಮೈಯೂ ಒಮ್ಮೆ ಕಿರಿದಾದ ತುದಿಯೂ ಎದುರಾಗುವಂತೆ, ಈ ಕಾಯವೂ ಉದ್ದವಾಗಿದ್ದು ಏಳು ಗಂಟೆಗೊಮ್ಮೆ ತನ್ನ ಸುತ್ತ ತಾನು ತಿರುಗುತ್ತಿರಬೇಕೆಂದು ಊಹಿಸಿದರು. ಬೆಳಕನ್ನು ಬಣ್ಣಗಳಾಗಿ ಬಿಡಿಸಿ ನೋಡಿದಾಗ ಆಲಿವೀನ್, ಪೈರಾಕ್ಸೀನ್ ಎಂಬ ಖನಿಜಗಳ ಗುರುತು ಕಂಡಿತು. ಗಾಸ್ಪ್ರಾ ಕಲ್ಲಿನ ಕಾಯ ಎಂಬುದು ಹೀಗೆ ಸಿದ್ಧವಾಯಿತು. ಇದನ್ನೆಲ್ಲ ಚುಕ್ಕೆಯೊಂದರಿಂದಲೇ ತಿಳಿದದ್ದು ಸಾಮಾನ್ಯ ಸಾಧನೆಯಲ್ಲ. ಆದರೆ ಬಂಡೆಯ ಮುಖ ಹೇಗಿದೆ ಎಂಬುದನ್ನು ಯಾವ ಚುಕ್ಕೆಯೂ ಹೇಳಲಾರದು.

ಆ ಮುಖವನ್ನು ನೋಡುವ ಅವಕಾಶ ಒದಗಿದ್ದು ಬೇರೆಯೇ ಉದ್ದೇಶದ ಪಯಣವೊಂದರಿಂದ. 1989ರ ಅಕ್ಟೋಬರ್ 18ರಂದು ಅಮೆರಿಕದ 'ಗೆಲಿಲಿಯೋ' ನೌಕೆ ಗುರುಗ್ರಹವನ್ನು ಅರಸಿ ಹೊರಟಿತು. ನೇರವಾಗಿ ಗುರುವನ್ನು ಸೇರುವಷ್ಟು ವೇಗ ಅದಕ್ಕಿರಲಿಲ್ಲ. ಆದುದರಿಂದ ಅದು ಶುಕ್ರನ ಬಳಿ ಒಮ್ಮೆ, ಭೂಮಿಯ ಬಳಿ ಎರಡು ಸಲ ಹಾದುಹೋಗಿ, ಆ ಗ್ರಹಗಳ ಸೆಳೆತದಿಂದಲೇ ವೇಗವನ್ನು ಹೆಚ್ಚಿಸಿಕೊಳ್ಳಬೇಕಾಗಿತ್ತು. ಈ ಸುತ್ತುದಾರಿ ಕ್ಷುದ್ರಗ್ರಹಗಳ ಪಟ್ಟಿಯನ್ನು ಮುಟ್ಟುತ್ತಿತ್ತು. ದಾರಿಯನ್ನು ತುಸು ತಿದ್ದಿದರೆ ಗಾಸ್ಪ್ರಾದ ಪಕ್ಕದಲ್ಲಿಯೇ ಹಾದುಹೋಗಬಹುದೆಂದು ಕಂಡುಬಂದಿತು. ಸಂತೆಗೆ ಹೊರಟವರು ದಾರಿಯ ಬದಿಯ ನೆಂಟರ ಮನೆಗೆ ಇಣುಕುವಂತೆ ಆ ಭೇಟಿ ಗೊತ್ತಾಯಿತು.

ಅಷ್ಟರಲ್ಲಿ ಒಂದು ಅವಘಡ ಒದಗಿತು. ಭೂಮಿಗೆ ಚಿತ್ರಗಳನ್ನು ಕಳುಹಿಸಲು ನೌಕೆಯಲ್ಲಿ 4.8 ಮೀಟರ್ ಅಗಲದ ದೊಡ್ಡ ಆಂಟೆನಾ ಇತ್ತು. ಅದನ್ನು ಕೊಡೆಯಂತೆ ಮಡಿಸಿ ಇಡಲಾಗಿತ್ತು. 1991ರ ಏಪ್ರಿಲ್ 11ರಂದು ಅದನ್ನು ಬಿಡಿಸುವಂತೆ ಆಜ್ಞೆ ಹೋಯಿತು. ಮೋಟಾರುಗಳು ತಿರುಗಿದವು, ಆದರೆ ಕೊಡೆ ಪೂರ್ತಿ ಬಿಚ್ಚಿಕೊಳ್ಳಲಿಲ್ಲ. ಅದರ ಹದಿನೆಂಟು ಕಡ್ಡಿಗಳಲ್ಲಿ ಕೆಲವು ಕಂಬಕ್ಕೆ ಕಚ್ಚಿಕೊಂಡೇ ಉಳಿದವು. ನೌಕೆಯ ಉಡಾವಣೆ ವರ್ಷಗಳ ಕಾಲ ಮುಂದಕ್ಕೆ ಹೋದಾಗ ಅದನ್ನು ಲಾರಿಯ ಮೇಲೆ ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ ಹಲವು ಸಲ ಸಾಗಿಸಿದ್ದರು. ಆ ಕುಲುಕಾಟದಲ್ಲಿ ಕಡ್ಡಿಗಳ ತುದಿಗೆ ಬಳಿದಿದ್ದ ಜಾರುಲೇಪ ಸವೆದುಹೋಗಿರಬೇಕೆಂದು ಆಮೇಲೆ ನಿರ್ಧರಿಸಿದರು. ಕೋಟ್ಯಂತರ ಕಿಲೋಮೀಟರುಗಳ ಪಯಣಕ್ಕೆ ಸಜ್ಜಾದ ಯಂತ್ರಕ್ಕೆ ಪೆಟ್ಟು ಬಿದ್ದದ್ದು ಭೂಮಿಯ ಹೆದ್ದಾರಿಯಲ್ಲಿ! ನೌಕೆಯನ್ನು ಸೂರ್ಯನ ಕಡೆಗೆ ತಿರುಗಿಸಿ ಕಾಯಿಸಿದರು, ನೆರಳಿಗೆ ತಿರುಗಿಸಿ ತಣಿಸಿದರು. ಲೋಹ ಹಿಗ್ಗಿ ಕುಗ್ಗಿದರೆ ಕಡ್ಡಿ ಕಳಚೀತು ಎಂಬ ಆಸೆ ಕೈಗೂಡಲಿಲ್ಲ.

ಉಳಿದದ್ದು ಒಂದು ಚಿಕ್ಕ ಆಂಟೆನಾ ಮಾತ್ರ. ಅಷ್ಟು ದೂರದಿಂದ ಅದು ಕಳುಹಿಸಬಲ್ಲ ಮಾಹಿತಿ ಸೆಕೆಂಡಿಗೆ 40 ಬಿಟ್ಟುಗಳಷ್ಟು. ಬಿಟ್ ಎಂದರೆ ಸೊನ್ನೆ ಅಥವಾ ಒಂದು ಎಂಬ ಒಂದೇ ಸಂಕೇತ. ಗೆಲಿಲಿಯೋದ ಒಂದು ಚಿತ್ರದಲ್ಲಿ ಉದ್ದಕ್ಕೆ 800, ಅಡ್ಡಕ್ಕೆ 800 ಚುಕ್ಕೆಗಳು. ಪ್ರತಿ ಚುಕ್ಕೆಯ ಹೊಳಪನ್ನು ಹೇಳಲು 8 ಬಿಟ್ಟುಗಳು. ಎಂದರೆ ಒಂದು ಚಿತ್ರಕ್ಕೆ 51 ಲಕ್ಷ ಬಿಟ್ಟುಗಳು ಬೇಕು. ದೊಡ್ಡ ಆಂಟೆನಾ ಗುರುಗ್ರಹದ ಬಳಿಯಿಂದಲೂ ಇಂಥ ಚಿತ್ರವನ್ನು ಒಂದು ನಿಮಿಷದೊಳಗೆ ಕಳುಹಿಸಬಲ್ಲುದಾಗಿತ್ತು. ಚಿಕ್ಕದಕ್ಕೆ ಅದೇ ಕೆಲಸಕ್ಕೆ ಎಡೆಬಿಡದೆ ಮೂವತ್ತೈದು ಗಂಟೆ ಹಿಡಿಯುತ್ತದೆ. ಯಾವ ಚಿತ್ರ ಬೇಕು, ಅದರಲ್ಲಿಯೂ ಯಾವ ಭಾಗ ಬೇಕು ಎಂದು ಲೆಕ್ಕ ಹಾಕದೆ ಮುಂದುವರಿಯುವಂತಿರಲಿಲ್ಲ.

ಇದಕ್ಕಿಂತಲೂ ತೊಡಕಿನ ಪ್ರಶ್ನೆ ಇನ್ನೊಂದಿತ್ತು: ಗಾಸ್ಪ್ರಾ ನಿಜವಾಗಿ ಎಲ್ಲಿದೆ? ಭೂಮಿಯಿಂದ ಎಷ್ಟೇ ಜಾಗರೂಕತೆಯಿಂದ ಅಳೆದರೂ ಅದರ ಸ್ಥಾನದಲ್ಲಿ ಹಲವು ಕಿಲೋಮೀಟರುಗಳ ಸಂದೇಹ ಉಳಿಯುತ್ತಿತ್ತು. ದೂರದಿಂದ ನೋಡುವವರಿಗೆ ಅದು ದೊಡ್ಡ ಮಾತಲ್ಲ. ಆದರೆ ಸೆಕೆಂಡಿಗೆ 8 ಕಿಲೋಮೀಟರ್ ವೇಗದಲ್ಲಿ ಪಕ್ಕದಲ್ಲಿಯೇ ಹಾಯುತ್ತ, ಕಿರಿದಾದ ಕಿಂಡಿಯಂಥ ಕ್ಯಾಮೆರಾದಿಂದ ನೋಡಬೇಕಾದ ನೌಕೆಗೆ ಆ ಸಂದೇಹವೇ ಮುಳುವಾಗಬಹುದು. ಕ್ಯಾಮೆರಾ ಒಂದು ಕಡೆ ನೋಡುತ್ತಿರುವಾಗ ಬಂಡೆ ಇನ್ನೊಂದು ಕಡೆ ಜಾರಿಹೋದರೆ, ಸಿಗುವುದು ಖಾಲಿ ಆಕಾಶದ ಚಿತ್ರ. ಮತ್ತೆ ಹಿಂದಿರುಗಿ ನೋಡುವ ಮಾತೇ ಇಲ್ಲ. ಆದುದರಿಂದ ಭೂಮಿಯ ಮೇಲಿನ ವೀಕ್ಷಣಾಲಯಗಳಲ್ಲಿ ಗಾಸ್ಪ್ರಾದ ಸ್ಥಾನವನ್ನು ಮತ್ತೆ ಮತ್ತೆ ಅಳೆದರು. ನೌಕೆಯೂ ತಾನು ಹತ್ತಿರವಾಗುತ್ತಿದ್ದಂತೆ, ನಕ್ಷತ್ರಗಳ ಹಿನ್ನೆಲೆಯಲ್ಲಿ ಅದರ ಕೆಲವೇ ಚಿತ್ರಗಳನ್ನು ತೆಗೆದು ಕಳುಹಿಸಿತು. ಅವುಗಳಿಂದ ದಾರಿಯನ್ನೂ ಕ್ಯಾಮೆರಾದ ದಿಕ್ಕನ್ನೂ ತಿದ್ದಲಾಯಿತು. ಅಷ್ಟಾದರೂ ಸಂದೇಹ ಪೂರ್ತಿ ಕಳೆಯದೆ ಇದ್ದುದರಿಂದ, ಬಂಡೆ ಇರಬಹುದಾದ ಇಡೀ ಪ್ರದೇಶವನ್ನೇ ಒಂದರ ಪಕ್ಕದಲ್ಲಿ ಒಂದರಂತೆ ಚಿತ್ರಗಳಿಂದ ಮುಚ್ಚುವ ಏರ್ಪಾಡು ಮಾಡಿದರು.

1991ರ ಅಕ್ಟೋಬರ್ 29ರಂದು ಗೆಲಿಲಿಯೋ ಗಾಸ್ಪ್ರಾದಿಂದ ಸುಮಾರು 1,600 ಕಿಲೋಮೀಟರ್ ದೂರದಲ್ಲಿ ಹಾದುಹೋಯಿತು. ತೆಗೆದ ಚಿತ್ರಗಳೆಲ್ಲ ನೌಕೆಯ ಟೇಪಿನ ಮೇಲೆ ದಾಖಲಾಗಿದ್ದವು. ಬಂಡೆ ಅವುಗಳಲ್ಲಿ ಸಿಕ್ಕಿದೆಯೋ ಇಲ್ಲವೋ ಭೂಮಿಯಲ್ಲಿ ಯಾರಿಗೂ ತಿಳಿಯದು. ನವೆಂಬರ್ ತಿಂಗಳಲ್ಲಿ ಮೊದಲ ಚಿತ್ರ ಹನಿಹನಿಯಾಗಿ ಬಂದು ಸೇರಿತು. ಬಂಡೆ ಸಿಕ್ಕಿತ್ತು. ಉಳಿದ ಚಿತ್ರಗಳು 1992ರಲ್ಲಿ ನೌಕೆ ಮರಳಿ ಭೂಮಿಯ ಕಡೆಗೆ ಬರುತ್ತಿದ್ದಾಗ ಇಳಿದು ಬಂದವು. ಅವುಗಳಲ್ಲಿ ಅತ್ಯುತ್ತಮವಾದುದನ್ನು 5,300 ಕಿಲೋಮೀಟರ್ ದೂರದಿಂದ ತೆಗೆಯಲಾಗಿತ್ತು. ಅದರ ಒಂದೊಂದು ಚುಕ್ಕೆ 54 ಮೀಟರ್ ನೆಲವನ್ನು ತೋರಿಸುತ್ತದೆ.

ಆ ಚಿತ್ರದಲ್ಲಿ ಕಾಣುವುದು ಮೂಲೆಮೂಲೆಯಾಗಿ ಒಡೆದ, ಒಂದು ತುದಿ ಚೂಪಾದ ಬಂಡೆ. ಅದರ ಉದ್ದ ಸುಮಾರು 18 ಕಿಲೋಮೀಟರ್. ಅಗಲ ಹತ್ತೂವರೆ, ದಪ್ಪ 9 ಕಿಲೋಮೀಟರುಗಳಷ್ಟು. ಭೂಮಿ, ಚಂದ್ರ, ಸಿರಿಸ್ ಇವೆಲ್ಲ ಗುಂಡಗಿರುವಾಗ ಇದೇಕೆ ಹೀಗಿದೆ? ಕಾಯವೊಂದು ದೊಡ್ಡದಾದಷ್ಟೂ ಅದರ ಗುರುತ್ವ ಹೆಚ್ಚುತ್ತದೆ. ಉಬ್ಬಿದ ಭಾಗಗಳನ್ನು ಆ ಸೆಳೆತ ಒಳಕ್ಕೆ ಎಳೆದು ಕಾಯವನ್ನು ಗುಂಡಗೆ ಮಾಡುತ್ತದೆ. ಗಾಸ್ಪ್ರಾದ ಸೆಳೆತಕ್ಕೆ ಆ ಬಲವಿಲ್ಲ. ಅದು ಸಾಧಾರಣ ಕಲ್ಲಿನಷ್ಟು ಸಾಂದ್ರವಾಗಿದೆ ಎಂದು ಎಣಿಸಿದರೆ, ಭೂಮಿಯಲ್ಲಿ 50 ಕಿಲೋಗ್ರಾಂ ತೂಗುವ ವ್ಯಕ್ತಿ ಅಲ್ಲಿ ಇಪ್ಪತ್ತು ಮೂವತ್ತು ಗ್ರಾಂ ಮಾತ್ರ ತೂಗಿಯಾನು. ಹುಡುಗನೊಬ್ಬ ಮಾವಿನಕಾಯಿಗೆ ಬೀಸುವಷ್ಟು ಬಲದಿಂದ ಅಲ್ಲಿ ಕಲ್ಲೆಸೆದರೆ ಅದು ಮತ್ತೆ ಕೆಳಗೆ ಬೀಳುವುದೇ ಇಲ್ಲ. ಗಾಸ್ಪ್ರಾವನ್ನು ಬಿಟ್ಟು ತಾನೇ ಒಂದು ಪುಟ್ಟ ಕಾಯವಾಗಿ ಸೂರ್ಯನನ್ನು ಸುತ್ತತೊಡಗುತ್ತದೆ.

ಬಂಡೆಯ ಮೈತುಂಬ ಕುಳಿಗಳು. 100ರಿಂದ 500 ಮೀಟರ್ ಅಗಲದ ಕುಳಿಗಳು ಒಂದೇ ಚಿತ್ರದಲ್ಲಿ ಆರು ನೂರಕ್ಕೂ ಹೆಚ್ಚು ಕಾಣುತ್ತವೆ. ಒಂದೊಂದೂ ಬೇರೊಂದು ಕಲ್ಲು ಬಂದು ಬಡಿದ ಗುರುತು. ಪಟ್ಟಿಯಲ್ಲಿ ಬಂಡೆಗಳು ದೂರ ದೂರವಿದ್ದರೂ ಕಾಲ ಅಪಾರವಾದುದು. ಕೋಟ್ಯಂತರ ವರ್ಷಗಳಲ್ಲಿ ಡಿಕ್ಕಿಗಳು ಆಗಿಯೇ ಆಗುತ್ತವೆ. ಆದರೆ ವಿಜ್ಞಾನಿಗಳ ಗಮನವನ್ನು ಹೆಚ್ಚು ಸೆಳೆದದ್ದು ಇದ್ದ ಕುಳಿಗಳಲ್ಲ, ಇಲ್ಲದ ಕುಳಿಗಳು. ಸಣ್ಣವು ಹೇರಳವಾಗಿದ್ದರೂ ದೊಡ್ಡವು ಬಹು ಕಡಮೆ. ನೆಲ ಬಲು ಹಳೆಯದಾಗಿದ್ದರೆ ದೊಡ್ಡ ಕಲ್ಲುಗಳ ಪೆಟ್ಟೂ ಸಾಕಷ್ಟು ಬಿದ್ದಿರಬೇಕಾಗಿತ್ತು. ಕುಳಿಗಳ ಎಣಿಕೆಯಿಂದ ಈಗಿನ ಮೇಲ್ಮೈಯ ವಯಸ್ಸು ಸುಮಾರು ಇಪ್ಪತ್ತು ಕೋಟಿ ವರ್ಷ ಎಂದು ಅಂದಾಜು ಮಾಡಿದರು. ಸೌರವ್ಯೂಹದ ವಯಸ್ಸು 450 ಕೋಟಿ ವರ್ಷಗಳಿಗೂ ಹೆಚ್ಚು. ಅದರ ಮುಂದೆ ಈ ನೆಲ ನಿನ್ನೆ ಮೊನ್ನೆಯದು.

ಎಂದರೆ ಗಾಸ್ಪ್ರಾ ಆದಿಯಿಂದಲೂ ಹೀಗೆಯೇ ಇದ್ದ ಕಾಯವಲ್ಲ. ಅದು ಒಂದು ಚೂರು. ಇದಕ್ಕೆ ಬೇರೆ ಕಡೆಯಿಂದಲೂ ಸಾಕ್ಷ್ಯವಿದೆ. ಕೆಲವು ಕ್ಷುದ್ರಗ್ರಹಗಳ ಕಕ್ಷೆಗಳು ಒಂದನ್ನೊಂದು ಬಹುವಾಗಿ ಹೋಲುವುದನ್ನು ಜಪಾನಿನ ಹಿರಾಯಾಮ 1918ರಲ್ಲಿಯೇ ತೋರಿಸಿ, ಇವು ಒಡೆದ ದೊಡ್ಡ ಕಾಯಗಳ ಸಂತತಿ ಎಂದು ಸೂಚಿಸಿದ್ದನು. ಗಾಸ್ಪ್ರಾ ಅಂಥ ಕುಟುಂಬಗಳಲ್ಲೊಂದಾದ ಫ್ಲೋರಾ ಕುಟುಂಬಕ್ಕೆ ಸೇರಿದ್ದು. ಚಿತ್ರಗಳಲ್ಲಿ ಬಂಡೆಯ ಮೈಮೇಲೆ 100ರಿಂದ 300 ಮೀಟರ್ ಅಗಲದ, ಉದ್ದನೆಯ ಕಾಲುವೆಗಳಂಥ ಗೀರುಗಳೂ ಕಂಡವು. ಇಂಥವು ಅದುವರೆಗೆ ಕಂಡಿದ್ದುದು ಮಂಗಳನ ಉಪಗ್ರಹವಾದ ಫೋಬೋಸಿನಲ್ಲಿ ಮಾತ್ರ. ಭಾರಿ ಪೆಟ್ಟಿಗೆ ಬಂಡೆಯ ಒಡಲು ಬಿರಿದು, ಆ ಬಿರುಕುಗಳ ಮೇಲೆ ಹರಡಿದ್ದ ಮಣ್ಣುಪುಡಿ ಒಳಕ್ಕೆ ಇಳಿದು ಈ ಗೀರುಗಳು ಉಂಟಾಗಿರಬೇಕು. ಕಲ್ಲೆಸೆದರೆ ಹಿಂದಿರುಗದಷ್ಟು ದುರ್ಬಲ ಸೆಳೆತವಿರುವಲ್ಲಿ ಪುಡಿಯಾದರೂ ಹೇಗೆ ನಿಂತಿತು ಎಂಬುದು ಸಹಜವಾದ ಶಂಕೆ. ಡಿಕ್ಕಿಯಲ್ಲಿ ಸಿಡಿದುದರಲ್ಲಿ ಬಹುಪಾಲು ಹಾರಿಹೋಗುತ್ತದೆ. ಮೆಲ್ಲನೆ ಚಿಮ್ಮಿದ ಸ್ವಲ್ಪ ಭಾಗ ಮಾತ್ರ ಮತ್ತೆ ನೆಲಕ್ಕೆ ಇಳಿದು ಕೂಡುತ್ತದೆ.

ಇನ್ನೊಂದು ಒಗಟು ಬಣ್ಣದ್ದು. ಭೂಮಿಗೆ ಬೀಳುವ ಉಲ್ಕಾಶಿಲೆಗಳಲ್ಲಿ ಐದರಲ್ಲಿ ನಾಲ್ಕಕ್ಕೂ ಹೆಚ್ಚು ಒಂದೇ ಬಗೆಯವು. ಇವನ್ನು ಸಾಮಾನ್ಯ ಕಾಂಡ್ರೈಟುಗಳೆನ್ನುತ್ತಾರೆ. ಇಷ್ಟು ಹೇರಳವಾದ ಕಲ್ಲುಗಳು ಎಲ್ಲಿಂದಲೋ ಬರುತ್ತಿರಬೇಕಷ್ಟೆ. ಪಟ್ಟಿಯ ಒಳಭಾಗದಲ್ಲಿ ತುಂಬಿರುವ ಗಾಸ್ಪ್ರಾದಂಥ ಕಲ್ಲಿನ ಕ್ಷುದ್ರಗ್ರಹಗಳೇ ಅವುಗಳ ತವರು ಎಂದು ಹೇಳಲು ಮನಸ್ಸಾಗುತ್ತದೆ, ಖನಿಜಗಳೂ ಅವೇ. ಆದರೆ ಬಣ್ಣ ಹೊಂದುತ್ತಿರಲಿಲ್ಲ. ಪ್ರಯೋಗಶಾಲೆಯಲ್ಲಿನ ಉಲ್ಕಾಶಿಲೆಗಿಂತ ಆಕಾಶದ ಬಂಡೆಗಳು ಹೆಚ್ಚು ಕೆಂಪು, ಹೆಚ್ಚು ಮಂಕು. ಈ ಒಂದು ಭೇದವನ್ನು ಕುರಿತು ದಶಕಗಳ ಕಾಲ ವಾದ ನಡೆಯಿತು. ತವರು ಯಾವುದೆಂದು ತಿಳಿಯದಿದ್ದರೆ, ವಸ್ತುಸಂಗ್ರಹಾಲಯಗಳಲ್ಲಿರುವ ಸಾವಿರಾರು ಕಲ್ಲುಗಳು ಊರು ಬರೆಯದ ಕಾಗದಗಳಂತೆ. ಒಳಗಿರುವ ಸುದ್ದಿ ಯಾವ ಸ್ಥಳದ್ದೆಂದು ಹೇಳುವಂತಿಲ್ಲ.

ಗೆಲಿಲಿಯೋದ ಚಿತ್ರಗಳು ಇಲ್ಲಿ ಒಂದು ಸುಳಿವು ಕೊಟ್ಟವು. ಗಾಸ್ಪ್ರಾದ ಮೈಬಣ್ಣ ಎಲ್ಲೆಡೆ ಒಂದೇ ಆಗಿರಲಿಲ್ಲ. ಹೊಸದಾಗಿ ಕಾಣುವ ಕೆಲವು ಕುಳಿಗಳ ಸುತ್ತ, ದಿಣ್ಣೆಗಳ ಮೇಲೆ, ಕೆಂಪು ಕಡಮೆಯಾಗಿತ್ತು. 1993ರ ಆಗಸ್ಟ್ 28ರಂದು ಅದೇ ನೌಕೆ ಈಡಾ ಎಂಬ ಮತ್ತೊಂದು ಕ್ಷುದ್ರಗ್ರಹದ ಬಳಿ ಹಾದಾಗ, ಅಲ್ಲಿಯೂ ಇದು ಕಂಡಿತು. ಒಳಗಿನ ಕಲ್ಲಿನ ಬಣ್ಣ ಒಂದು, ಬಿಸಿಲಿಗೆ ಬಿದ್ದ ಮೇಲ್ಮೈಯ ಬಣ್ಣ ಇನ್ನೊಂದು ಎಂಬುದು ಇದರ ಅರ್ಥ. ಸೂರ್ಯನಿಂದ ಹೊರಹೊಮ್ಮುವ ಕಣಗಳೂ ಅತಿಸೂಕ್ಷ್ಮ ಧೂಳೂ ಸತತವಾಗಿ ಬಡಿಯುತ್ತಿದ್ದರೆ, ಖನಿಜದಲ್ಲಿನ ಕಬ್ಬಿಣ ಬಿಡಿಸಿಕೊಂಡು ಅಣುಗಾತ್ರಕ್ಕೆ ಸಮೀಪದ ಕಣಗಳಾಗಿ ಮೇಲೆ ಲೇಪಗೊಳ್ಳುತ್ತದೆ. ಆ ತೆಳುಲೇಪವೇ ಬಂಡೆಯನ್ನು ಕೆಂಪಗೆ ಮಾಡುತ್ತದೆ. ಗಾಳಿ ಮಳೆಗಳಿಲ್ಲದ ಲೋಕದಲ್ಲಿಯೂ ಕಲ್ಲು ಹೀಗೆ ಮಾಸುತ್ತದೆ. ಭೂಮಿಗೆ ಬೀಳುವ ಉಲ್ಕಾಶಿಲೆ ಗಾಳಿಯನ್ನು ಹಾಯುವಾಗ ತನ್ನ ಹೊರಮೈಯನ್ನು ಕಳೆದುಕೊಳ್ಳುವುದರಿಂದ ಅದರಲ್ಲಿ ಆ ಲೇಪ ಉಳಿಯುವುದಿಲ್ಲ.

ಇದು ಸರಿಯೇ ಎಂದು ನಿಶ್ಚಯಿಸಲು ಕಲ್ಲು ಕೈಗೇ ಸಿಗಬೇಕಾಗಿತ್ತು. ಜಪಾನಿನ ಹಯಬೂಸ ನೌಕೆ 2005ರಲ್ಲಿ ಇಟೊಕಾವ ಎಂಬ, ಪಟ್ಟಿಯಿಂದ ಸರಿದು ಭೂಮಿಯ ಸಮೀಪಕ್ಕೆ ಬಂದಿರುವ ಅದೇ ಬಗೆಯ ಕ್ಷುದ್ರಗ್ರಹವನ್ನು ಮುಟ್ಟಿ, 2010ರ ಜೂನ್ 13ರಂದು ಅದರ ಧೂಳನ್ನು ಆಸ್ಟ್ರೇಲಿಯಾಕ್ಕೆ ತಲಪಿಸಿತು. ಬಂದದ್ದು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು. ಅವುಗಳ ಒಡಲು ಸಾಮಾನ್ಯ ಕಾಂಡ್ರೈಟ್. ಹೊರಮೈಯಲ್ಲಿ ಕಬ್ಬಿಣದ ಆ ಲೇಪ. ತವರಿನ ಪ್ರಶ್ನೆ ಇತ್ಯರ್ಥವಾಯಿತು.

ಗಾಸ್ಪ್ರಾದ ಬಳಿಗೆ ಅನಂತರ ಯಾವ ನೌಕೆಯೂ ಹೋಗಿಲ್ಲ. ಗೆಲಿಲಿಯೋ 1995ರ ಡಿಸೆಂಬರ್ 7ರಂದು ಗುರುವನ್ನು ತಲಪಿ, ಅದೇ ಚಿಕ್ಕ ಆಂಟೆನಾದಿಂದಲೇ ವರ್ಷಗಟ್ಟಲೆ ದುಡಿದು, 2003ರ ಸೆಪ್ಟೆಂಬರ್ 21ರಂದು ಆ ಗ್ರಹದ ವಾತಾವರಣದಲ್ಲಿ ಕರಗಿಹೋಯಿತು. ಅದು ತೆಗೆದ ಚಿತ್ರಗಳಿಂದ ಗಾಸ್ಪ್ರಾಕ್ಕೆ ನಕ್ಷೆಯೊಂದು ದೊರೆಯಿತು. ನಕ್ಷೆಯ ಮೇಲೆ ಹೆಸರುಗಳೂ ಬಂದವು. ಆರೋಗ್ಯಧಾಮದ ಹೆಸರನ್ನು ಹೊತ್ತ ಬಂಡೆಯಾದುದರಿಂದ ಅದರ ಕುಳಿಗಳಿಗೆ ಲೋಕದ ನಾನಾ ಭಾಗಗಳ ಆರೋಗ್ಯಧಾಮಗಳ, ಬಿಸಿನೀರಿನ ಬುಗ್ಗೆಗಳ ಹೆಸರುಗಳನ್ನೇ ಇಟ್ಟಿದ್ದಾರೆ. ಇಂಗ್ಲೆಂಡಿನ ಬಾತ್, ಜರ್ಮನಿಯ ಬಾಡೆನ್-ಬಾಡೆನ್, ಜಪಾನಿನ ಬೆಪ್ಪು ಅಲ್ಲಿವೆ. ಹಿಮಾಚಲ ಪ್ರದೇಶದ ಮಣಿಕರಣವೂ ಒಂದು ಕುಳಿಯಾಗಿದೆ. ವಿಶಾಲವಾದ ಮೂರು ಪ್ರದೇಶಗಳಲ್ಲಿ ಎರಡಕ್ಕೆ ಗೆಲಿಲಿಯೋ ಯೋಜನೆಯಲ್ಲಿ ದುಡಿದ ಇಬ್ಬರ ಹೆಸರುಗಳು ಸಂದಿವೆ. ಮೂರನೆಯದು ನೆಯುಯ್ಮಿನ್ ಪ್ರದೇಶ. 1946ರಲ್ಲಿ ತೀರಿಕೊಂಡ ಆ ವಿಜ್ಞಾನಿ ಕಂಡದ್ದು ಬೆಳಕಿನ ಒಂದು ಗುರುತನ್ನು ಮಾತ್ರ. ಅವನ ಹೆಸರಿನ ಆ ನೆಲ ಏಳು ಗಂಟೆಗೊಮ್ಮೆ ಸೂರ್ಯನ ಬೆಳಕಿಗೆ ಬಂದು, ಮತ್ತೆ ಕತ್ತಲೆಗೆ ಸರಿಯುತ್ತಿದೆ.